ಎಂಜಿನ್‌ಗೆ ಬಣ್ಣ ಬಳಿದರೆ ರೈಲು ಉಳಿಯುತ್ತಾ?

ಯಾವುದಾದರೂ ದೊಡ್ಡ ರೈಲ್ವೆ ಊರಿಗೆ ಹೋಗಿ ನೋಡಿ. ಸ್ಟೇಷನ್ ಮುಂದೆಯೋ, ರೈಲ್ವೆ ಆಫೀಸಿನ ಅಂಗಳದಲ್ಲೋ ಒಂದು ಕಟ್ಟೆ ಇರುತ್ತೆ. ಕಟ್ಟೆ ಮೇಲೆ ನಾಲ್ಕು ಮಾರು ಹಳಿ. ಹಳಿ ಮೇಲೆ ಒಂದು ಹಳೇ ಸ್ಟೀಮ್ ಎಂಜಿನ್. ಮೈಗೆಲ್ಲ ಕಪ್ಪು ಬಣ್ಣ, ಚಕ್ರಕ್ಕೆ ಕೆಂಪು ಬಣ್ಣ, ಸುತ್ತ ಒಂದು ಸರಪಳಿ, ಸರಪಳಿ ಆಚೆ ಹುಲ್ಲುಹಾಸು. ಮಕ್ಕಳು ಸರಪಳಿ ಹಾರಿ ಹತ್ತುತ್ತಾರೆ, ಅಪ್ಪ ಫೋಟೋ ತೆಗೀತಾರೆ, ಸೆಕ್ಯುರಿಟಿಯವನು ಸೀಟಿ ಊದುತ್ತಾನೆ. ಪಕ್ಕದಲ್ಲಿ ಫಲಕ: ನಮ್ಮ ಪರಂಪರೆ.

ನನ್ನ ಪ್ರಶ್ನೆ ಇಷ್ಟೇ. ಆ ಎಂಜಿನ್ ಉಳಿದಿದೆಯಾ, ಅಥವಾ ಅದರ ಚರ್ಮ ಮಾತ್ರ ಉಳಿದಿದೆಯಾ?

ಸ್ಟೀಮ್ ಎಂಜಿನ್ ಅನ್ನೋದು ಮೂಲತಃ ಒಂದು ದೊಡ್ಡ ನೀರಿನ ಹಂಡೆ. ಹಿಂದೆ ಒಲೆ, ಮುಂದೆ ಚಿಮಣಿ, ನಡುವೆ ಹಂಡೆ. ಒಲೆಯ ಬಿಸಿಗಾಳಿ ನೇರವಾಗಿ ಚಿಮಣಿಗೆ ಹೋಗಲ್ಲ. ಹಂಡೆಯ ಹೊಟ್ಟೆಯೊಳಗೆ ಉದ್ದಕ್ಕೂ ಜೋಡಿಸಿದ ಹತ್ತಾರು, ದೊಡ್ಡ ಎಂಜಿನ್‌ಗಳಲ್ಲಿ ನೂರಾರು ಕೊಳವೆಗಳ ಮೂಲಕ ಹಾದು ಹೋಗುತ್ತೆ. ಕೊಳವೆಯ ಒಳಗೆ ಬೆಂಕಿಯ ಝಳ, ಹೊರಗೆ ನೀರು. ಹಾಗೆ ಕಾದ ನೀರು ಹಬೆಯಾಗುತ್ತೆ. ಆ ಹಬೆ ಸಿಲಿಂಡರಿಗೆ ನುಗ್ಗಿ ಪಿಸ್ಟನ್ ತಳ್ಳುತ್ತೆ, ಪಿಸ್ಟನ್ ಚಕ್ರ ತಿರುಗಿಸುತ್ತೆ. ಕೆಲಸ ಮುಗಿಸಿದ ಹಬೆ ಚಿಮಣಿಯಿಂದ ಆಚೆ ಬರುವಾಗ ಆಗುವ ಸದ್ದೇ ನಾವೆಲ್ಲ ಚಿಕ್ಕಂದಿನಲ್ಲಿ ಬಾಯಲ್ಲಿ ಮಾಡ್ತಿದ್ದ ಛುಕ್ ಛುಕ್.

ಈಗ ಕಟ್ಟೆ ಮೇಲಿನ ಎಂಜಿನ್ ನೋಡಿ. ಮಳೆ ನೀರು ಚಿಮಣಿಯಿಂದ ಒಳಗಿಳಿಯುತ್ತೆ. ಒಳಗಿನ ಕೊಳವೆಗಳು ತುಕ್ಕು ಹಿಡಿದು ಉದುರುತ್ತವೆ. ಚಲಿಸುವ ಭಾಗಗಳು ಎಣ್ಣೆ ಕಾಣದೆ ಕಚ್ಚಿಕೊಳ್ಳುತ್ತವೆ. ಹಿತ್ತಾಳೆಯ ಭಾಗ ಇದ್ದರೆ, ಅದು ಎಲ್ಲಿ ಹೋಯ್ತು ಅಂತ ನಾನು ಹೇಳಬೇಕಾಗಿಲ್ಲ. ಹೊರಗೆ ಮಾತ್ರ ವರ್ಷಕ್ಕೊಂದು ಕೋಟ್ ಪೇಂಟು. ಒಳಗೆ ಹುಳ ತಿಂದ ಹಲ್ಲಿಗೆ ಹೊರಗೆ ಚಿನ್ನದ ಕವಚ ಹಾಕಿದ ಹಾಗೆ.

ನಾನಿರೋದು ಮಾವಳ್ಳಿ ಕಡೆ. ನಮ್ಮ ಏರಿಯಾದಿಂದಲೇ ಎರಡು ಉದಾಹರಣೆ ಕೊಡ್ತೀನಿ. ಲಾಲ್‌ಬಾಗ್‌ನ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿದ್ದು 1889ರಲ್ಲಿ. ಅದೂ ಉಗಿಬಂಡಿ ಕಾಲದ ಕಬ್ಬಿಣವೇ. ಯಾಕೆ ಉಳೀತು? ವರ್ಷಕ್ಕೆ ಎರಡು ಸಲ ಫಲಪುಷ್ಪ ಪ್ರದರ್ಶನ ನಡೆಯುತ್ತೆ, ಲಕ್ಷಾಂತರ ಜನ ಬರ್ತಾರೆ, ಗಾಜು ಒಡೆದಿದ್ರೆ ಮರುದಿನ ಪೇಪರಲ್ಲಿ ಬರುತ್ತೆ. ಇನ್ನೊಂದು, ಲಾಲ್‌ಬಾಗ್ ರಸ್ತೆಯ ಎಂಟಿಆರ್. 1924ರಿಂದ ಇದೆ. ಅದರ ಒಂದು ಹಳೇ ಬಾಣಲೆಯನ್ನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅಡುಗೆ ಮನೆಗೆ ಬೀಗ ಹಾಕಿ, ‘ಎಂಟಿಆರ್ ಉಳಿಸಿದ್ದೀವಿ’ ಅಂದ್ರೆ ನೀವು ಒಪ್ತೀರಾ? ಒಪ್ಪಲ್ಲ. ಬೆಳಿಗ್ಗೆ ಒಲೆ ಹತ್ತಬೇಕು, ಹಿಟ್ಟಿನ ಹದ ಗೊತ್ತಿರೋ ಕೈ ಇರಬೇಕು, ಹೊರಗೆ ಕ್ಯೂ ಇರಬೇಕು. ಆಗ ಅದು ಎಂಟಿಆರ್.

ರೈಲಿನ ಕತೆಯೂ ಥೇಟ್ ಇದೇ. ಹಬೆ ರೈಲು ಅಂದ್ರೆ ಎಂಜಿನ್ ಮಾತ್ರ ಅಲ್ಲ, ಎಂಜಿನ್ ಜೊತೆ ಒಂದು ಕಸುಬು.

ಆ ಕಸುಬು ಎಂಥದ್ದು ಅಂತ ನನಗೆ ಹೇಳಿದವರು ನಮ್ಮ ಬೀದಿಯವರೇ ಆದ ಒಬ್ಬ ಹಿರಿಯರು. ರೈಲ್ವೆಯಲ್ಲಿ ಫೈರ್‌ಮನ್ ಆಗಿ ಸೇರಿ ಡ್ರೈವರ್ ಆಗಿ ರಿಟೈರ್ ಆದವರು. ಬೆಳಿಗ್ಗೆ ಲಾಲ್‌ಬಾಗ್ ವಾಕಿಂಗ್‌ನಲ್ಲಿ ಸಿಗ್ತಾರೆ. ಒಂದಿನ ಕೇಳಿದೆ, ‘ಯಜಮಾನ್ರೇ, ಕಲ್ಲಿದ್ದಲು ಎತ್ತಿ ಹಾಕೋದಲ್ವಾ ಕೆಲಸ, ಅದರಲ್ಲಿ ಕಲಿಯೋದೇನು?’ ಅವರು ನಿಂತೇಬಿಟ್ಟರು. ‘ಸಾರ್, ಟೀವಿಯಲ್ಲಿ ಮಾತಾಡೋದು ಬಾಯಿ ಅಲ್ಲಾಡ್ಸೋದಲ್ವಾ, ಅದರಲ್ಲಿ ಕಲಿಯೋದೇನು?’ ಅಂದರು. ಆಮೇಲೆ ಮುಕ್ಕಾಲು ಗಂಟೆ ಪಾಠ.

ತಣ್ಣಗಿರೋ ಎಂಜಿನ್ ಹೊತ್ತಿಸಿದ ತಕ್ಷಣ ಹೊರಡಲ್ಲ. ಗಂಟೆಗಟ್ಟಲೆ ನಿಧಾನಕ್ಕೆ ಕಾಯಿಸಬೇಕು. ಅವಸರ ಮಾಡಿದರೆ ಲೋಹ ಒಂದೊಂದು ಕಡೆ ಒಂದೊಂದು ಥರ ಹಿಗ್ಗಿ ಬಿರುಕು ಬಿಡುತ್ತೆ. ಕಲ್ಲಿದ್ದಲನ್ನ ಒಂದೇ ಕಡೆ ಸುರಿಯೋ ಹಾಗಿಲ್ಲ. ಓಲಾಡುವ ಎಂಜಿನ್ ಮೇಲೆ ಕಾಲು ಅಗಲಿಸಿ ನಿಂತು, ಸಲಿಕೆಯನ್ನ ಒಂದು ತಿರುವು ಕೊಟ್ಟು, ಒಲೆಯ ಮೂಲೆ ಮೂಲೆಗೂ ತೆಳ್ಳಗೆ ಹರಡಬೇಕು, ದೋಸೆ ಹುಯ್ದ ಹಾಗೆ. ‘ಬೆಂಕಿ ನೋಡ್ಬಾರ್ದು ಸಾರ್, ಹೊಗೆ ನೋಡ್ಬೇಕು’ ಅಂದರು. ಹೊಗೆ ಕರ್ರಗೆ ಬಂತು ಅಂದ್ರೆ ಕಲ್ಲಿದ್ದಲು ಪೂರ್ತಿ ಉರೀತಿಲ್ಲ, ಸರ್ಕಾರದ ದುಡ್ಡು ಚಿಮಣಿಯಲ್ಲಿ ಹೋಗ್ತಿದೆ ಅಂತ ಲೆಕ್ಕ. ಸಿನಿಮಾದಲ್ಲಿ ಕಪ್ಪು ಹೊಗೆ ಚೆಂದ, ಶೆಡ್‌ನಲ್ಲಿ ಅದಕ್ಕೆ ಬೈಗುಳ.

ಎಲ್ಲಕ್ಕಿಂತ ಮುಖ್ಯ, ನೀರಿನ ಗಾಜು. ಡ್ರೈವರ್ ಕಣ್ಣೆದುರು ಒಂದು ಗಾಜಿನ ನಳಿಗೆ ಇರುತ್ತೆ, ಬಾಯ್ಲರಿನಲ್ಲಿ ನೀರು ಎಷ್ಟಿದೆ ಅಂತ ತೋರಿಸೋದು. ಒಲೆಯ ನೆತ್ತಿಯ ಮೇಲೆ ಸದಾ ನೀರು ನಿಂತಿರಬೇಕು. ನೀರು ಇಳಿದು ನೆತ್ತಿ ಬರಿದಾದರೆ ಲೋಹ ಮೆತ್ತಗಾಗಿ ಬಾಯ್ಲರ್ ಸಿಡಿಯಬಹುದು. ಅದಕ್ಕೇ ನೆತ್ತಿಯಲ್ಲಿ ಸೀಸ ತುಂಬಿದ ಒಂದು ಬಿರಡೆ ಇಟ್ಟಿರ್ತಾರೆ. ನೀರು ತಪ್ಪಿದರೆ ಮೊದಲು ಸೀಸ ಕರಗಿ, ಹಬೆ ಒಲೆಗೆ ನುಗ್ಗುತ್ತೆ, ಅಪಾಯದ ಸುದ್ದಿ ಮುಟ್ಟುತ್ತೆ. ‘ಆ ಬಿರಡೆ ಕರಗಿಸಿಕೊಂಡ ಫೈರ್‌ಮನ್ ಶೆಡ್ಡಿಗೆ ಮುಖ ತೋರಿಸೋ ಹಾಗಿರ್ಲಿಲ್ಲ’ ಅಂದರು. ಇನ್ನು ಗಡಸು ನೀರು. ನಮ್ಮ ಮನೆ ಗೀಸರಿನಲ್ಲಿ ಬೋರ್‌ವೆಲ್ ನೀರಿನ ಬಿಳೀ ಪೊರೆ ಕಟ್ಟುತ್ತಲ್ಲ, ಅದೇ ಕಾಯಿಲೆ ಬಾಯ್ಲರಿಗೂ. ಅದಕ್ಕೆ ಆಗಾಗ ಎಂಜಿನ್ ತಣ್ಣಗೆ ಮಾಡಿ, ಮುಚ್ಚಳ ಬಿಚ್ಚಿ, ಒಳಗೆಲ್ಲ ತೊಳೆದು ಕೆರೆಯಬೇಕು.

ಇದ್ಯಾವುದೂ ಫಲಕದ ಮೇಲೆ ಬರೆದಿರಲ್ಲ. ಬರೆದರೂ ಓದಿ ಕಲಿಯುವ ವಿದ್ಯೆ ಅಲ್ಲ.

ಭಾರತದಲ್ಲಿ ಚಿತ್ತರಂಜನ್ ಕಾರ್ಖಾನೆ 1950ರಿಂದ 1972ರವರೆಗೆ 2,351 ಸ್ಟೀಮ್ ಎಂಜಿನ್ ಮಾಡಿತು. ಅದರಲ್ಲಿ ಬ್ರಾಡ್‌ಗೇಜ್‌ನ ಕೊನೆಯದಕ್ಕೆ ‘ಅಂತಿಮ್ ಸಿತಾರಾ’ ಅಂತ ಹೆಸರಿಟ್ಟರು. ಬ್ರಾಡ್‌ಗೇಜ್‌ನಲ್ಲಿ ಸ್ಟೀಮ್ ಎಂಜಿನ್‌ನ ನಿತ್ಯದ ಓಡಾಟ 1995ರ ಡಿಸೆಂಬರ್‌ಗೆ ನಿಂತಿತು. ಲೆಕ್ಕ ಹಾಕಿ. ಆಗ ಮೂವತ್ತು ವರ್ಷದ ಫೈರ್‌ಮನ್ ಆಗಿದ್ದವರು ಇವತ್ತು ಅರವತ್ತರ ಆಸುಪಾಸು. ಆಗಲೇ ಸೀನಿಯರ್ ಆಗಿದ್ದವರು ಎಂಬತ್ತು, ತೊಂಬತ್ತು. ಎಂಜಿನ್ ಇನ್ನೂ ಐವತ್ತು ವರ್ಷ ಕಟ್ಟೆ ಮೇಲೆ ಕೂರಬಹುದು. ಇವರು ಕೂರಲ್ಲ.

ಹಾಗಾದ್ರೆ ಬೇರೆ ಕಡೆ ಹೇಗೆ ಉಳಿಸಿಕೊಂಡರು?

ಬ್ರಿಟನ್‌ನ ವೇಲ್ಸ್ ಪ್ರಾಂತ್ಯದಲ್ಲಿ ಟ್ಯಾಲಿಲಿನ್ ಅಂತ ಒಂದು ಪುಟ್ಟ ರೈಲ್ವೆ. 1865ರಲ್ಲಿ ಶುರುವಾಗಿದ್ದು, ಕಲ್ಲುಹಂಚಿನ ಗಣಿಯಿಂದ ಹಂಚು ಸಾಗಿಸೋಕೆ. ಉದ್ದ ಸುಮಾರು 12 ಕಿಲೋಮೀಟರ್, ಅಷ್ಟೇ. 1946ರಲ್ಲಿ ಗಣಿ ಮುಚ್ಚಿತು. ಮಾಲೀಕ ಹೇಡನ್ ಜೋನ್ಸ್, ‘ನಾನು ಬದುಕಿರೋವರೆಗೆ ರೈಲು ಓಡುತ್ತೆ’ ಅಂತ ಮಾತು ಕೊಟ್ಟಿದ್ದರು, ನಷ್ಟದಲ್ಲೇ ಓಡಿಸಿದರು. 1950ರಲ್ಲಿ ಅವರೂ ತೀರಿಕೊಂಡರು. ಕತೆ ಮುಗೀಬೇಕಿತ್ತು. ಟಾಮ್ ರೋಲ್ಟ್ ಅನ್ನೋ ಲೇಖಕರೊಬ್ಬರು ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಸಭೆ ಕರೆದರು. ಬಂದವರೆಲ್ಲ ಬೇರೆ ಬೇರೆ ನೌಕರಿಯಲ್ಲಿದ್ದವರು. ನಾವೇ ಓಡಿಸೋಣ ಅಂದರು. 1951ರ ಮೇ ತಿಂಗಳಲ್ಲಿ ಓಡಿಸಿಯೂಬಿಟ್ಟರು. ಸ್ವಯಂಸೇವಕರೇ ನಡೆಸಿದ ಜಗತ್ತಿನ ಮೊದಲ ರೈಲ್ವೆ ಅದು.

ಸುಲಭ ಇರಲಿಲ್ಲ ಸ್ವಾಮಿ. ಸ್ಲೀಪರ್ ಕೊಳೆತು, ಹಳಿ ಹುಲ್ಲಿನಲ್ಲಿ ಹೂತುಹೋಗಿತ್ತು. ಪಕ್ಕದಲ್ಲಿ ಮುಚ್ಚಿಹೋಗಿದ್ದ ಕೋರಿಸ್ ರೈಲ್ವೆಯ ಎರಡು ಎಂಜಿನ್‌ಗಳನ್ನ ತಲಾ 25 ಪೌಂಡಿಗೆ ಕೊಂಡು ತಂದರು. ರಜೆ ಸಿಕ್ಕಾಗ ಮೇಷ್ಟ್ರು ಬಂದು ಹುಲ್ಲು ಕೀಳೋದು, ಗುಮಾಸ್ತರು ಬಂದು ಟಿಕೆಟ್ ಕೊಡೋದು. ನಮ್ಮ ಮಕ್ಕಳೂ ನೋಡೋ ‘ಥಾಮಸ್’ ಎಂಜಿನ್ ಕತೆ ಬರೆದ ಪಾದ್ರಿ ಆಡ್ರಿ ಅಲ್ಲಿ ಗಾರ್ಡ್ ಕೆಲಸಕ್ಕೆ ಬಂದಿದ್ದರು. ಒಂದು ಸಲ ಚಹಾ ಮಾರೋ ಹೆಂಗಸನ್ನ ಸ್ಟೇಷನ್‌ನಲ್ಲೇ ಬಿಟ್ಟು ಹಸಿರು ಬಾವುಟ ತೋರಿಸಿಬಿಟ್ಟರಂತೆ. ಅದನ್ನೂ ಕತೆ ಮಾಡಿದರು. ಇವತ್ತು ಆ ರೈಲ್ವೆಯ ಟವಿನ್ ಸ್ಟೇಷನ್ನಿನಲ್ಲೇ ನ್ಯಾರೋಗೇಜ್ ಮ್ಯೂಸಿಯಂ ಇದೆ. ಒಂದು ಕಡೆ ಓಡೋ ಎಂಜಿನ್, ಪಕ್ಕದಲ್ಲೇ ಓಡಲಾಗದ ಎಂಜಿನ್‌ಗಳ ಸಂಗ್ರಹ. ನೋಡೋಕೆ ಬಂದವನಿಗೆ ಮ್ಯೂಸಿಯಂನಲ್ಲಿ ನೋಡಿದ್ದರ ಅರ್ಥ ಹೊರಗೆ ಪ್ಲಾಟ್‌ಫಾರಂನಲ್ಲಿ ಗೊತ್ತಾಗುತ್ತೆ. ಇದು ಬಹಳ ಮುಖ್ಯ.

ನಮ್ಮಲ್ಲಿ ಹೀಗೆ ಯಾಕಾಗಲಿಲ್ಲ? ಜನಕ್ಕೆ ಆಸೆ ಇಲ್ಲ ಅಂತಲ್ಲ. ಅಲ್ಲಿ ರೈಲ್ವೆ ಒಬ್ಬ ಖಾಸಗಿ ಮಾಲೀಕನದಾಗಿತ್ತು, ಅವನ ಹೆಂಡತಿ ಸೊಸೈಟಿಗೆ ಬಿಟ್ಟುಕೊಟ್ಟರು. ಇಲ್ಲಿ ಹಳಿ, ಎಂಜಿನ್, ಸ್ಟೇಷನ್, ಕೊನೆಗೆ ಬೆಂಚು ಕೂಡ ಸರ್ಕಾರದ್ದು. ಕೈ ಹಾಕಿದರೆ ಅತಿಕ್ರಮ ಪ್ರವೇಶ. ಹಳೇ ಎಂಜಿನ್ ತೂಕದ ಲೆಕ್ಕದಲ್ಲಿ ಗುಜರಿ ಹರಾಜಿಗೆ. ಅದರಲ್ಲೂ ಕೆಲವರು ಹಟ ಹಿಡಿದು ಉಳಿಸಿದರು. ದೆಹಲಿಯ ರೈಲು ಮ್ಯೂಸಿಯಂ 1977ರಲ್ಲಿ ಬಾಗಿಲು ತೆರೆಯಿತು. ಅದಕ್ಕೆ ಗೌರವ ಸಲಹೆಗಾರರಾಗಿ ಮೈಕ್ ಸಾಟೋ ಅನ್ನೋ ಆಂಗ್ಲರು ದುಡಿದರು. ಅವರು ಕಂಪನಿ ಒಂದರ ದೊಡ್ಡ ಅಧಿಕಾರಿ, ರೈಲು ಅವರ ಹುಚ್ಚು. 1855ರ ‘ಫೇರಿ ಕ್ವೀನ್’ ಎಂಜಿನ್ 1997ರಲ್ಲಿ ದೆಹಲಿಯಿಂದ ಅಲ್ವರ್‌ಗೆ ಮತ್ತೆ ಹಬೆ ಬಿಟ್ಟುಕೊಂಡು ಹೋದಾಗ ಜಗತ್ತೇ ತಿರುಗಿ ನೋಡಿತು, ಗಿನ್ನೆಸ್ ದಾಖಲೆ ಆಯಿತು. ಅದೇ ಫೇರಿ ಕ್ವೀನ್‌ನ ಬಿಡಿಭಾಗಗಳನ್ನ ಮುಂದೆ ಕಳ್ಳರು ಕಿತ್ತುಕೊಂಡು ಹೋದರು, ಪೆರಂಬೂರಿನ ಕಾರ್ಯಾಗಾರಕ್ಕೆ ಕಳಿಸಿ ಮತ್ತೆ ಜೋಡಿಸಬೇಕಾಯಿತು. ಓಡುವ ಎಂಜಿನ್ ಸುತ್ತ ದಿನಾ ಹತ್ತು ಜನ ಇರ್ತಾರೆ. ನಿಂತ ಎಂಜಿನ್‌ಗೆ ಕಾವಲು ಯಾರು?

ನಮಗೆ ಹತ್ತಿರದಲ್ಲಿ ಇವತ್ತಿಗೂ ಉಸಿರಾಡುವ ಹಬೆ ರೈಲು ಅಂದರೆ ನೀಲಗಿರಿಯದು. ಊಟಿಗೆ ಹೋದವರೆಲ್ಲ ಹತ್ತಿದ್ದೀರಿ. 46 ಕಿಲೋಮೀಟರ್, 208 ತಿರುವು, 16 ಸುರಂಗ. ಮೆಟ್ಟುಪಾಳ್ಯದಿಂದ ಕೂನೂರಿಗೆ ಹತ್ತುವಾಗ ಎಂಜಿನ್ ಮುಂದೆ ಎಳೆಯಲ್ಲ, ಹಿಂದಿನಿಂದ ತಳ್ಳುತ್ತೆ. ಕಡಿದಾದ ಕಡೆ ಹಳಿಗಳ ನಡುವೆ ಹಲ್ಲಿರುವ ಪಟ್ಟಿ, ಎಂಜಿನ್‌ನ ಹಲ್ಲಿನ ಚಕ್ರ ಅದನ್ನ ಕಚ್ಚಿಕೊಂಡು ಮೇಲೇರುತ್ತೆ. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಎಂಜಿನ್‌ಗಳು ಮುದಿಯಾದಾಗ ತಿರುಚ್ಚಿಯ ಪೊನ್ಮಲೈ ಕಾರ್ಯಾಗಾರದಲ್ಲಿ ಅದೇ ಮಾದರಿಯ ಹೊಸ ಎಂಜಿನ್ ಕಟ್ಟಿದರು. ಗಮನಿಸಿ, ದಿನಾ ರಿಪೇರಿ ಮಾಡ್ತಾ ಬಂದ ಕೈಗಳು ಇದ್ದದ್ದಕ್ಕೆ ಹೊಸದು ಕಟ್ಟೋಕಾಯಿತು.

ಈಗ ನಮ್ಮ ಮನೆ ಕಡೆ ಬರೋಣ. ಬೆಂಗಳೂರಿಗೂ ಒಂದು ಪುಟಾಣಿ ರೈಲು ಇತ್ತು ಅಂತ ಎಷ್ಟು ಜನಕ್ಕೆ ಗೊತ್ತು? ಕಬ್ಬನ್ ಪಾರ್ಕಿನ ಬಾಲಭವನದ್ದಲ್ಲ, ನಿಜವಾದದ್ದು. ಎರಡೂವರೆ ಅಡಿ ಅಗಲದ ನ್ಯಾರೋಗೇಜ್. ಈಗಿನ ಬ್ರಾಡ್‌ಗೇಜ್ ಐದೂವರೆ ಅಡಿ, ಅದರ ಅರ್ಧಕ್ಕಿಂತ ಕಮ್ಮಿ. 1915ರಲ್ಲಿ ಯಲಹಂಕ, ದೇವನಹಳ್ಳಿ ಹಾದು ಚಿಕ್ಕಬಳ್ಳಾಪುರಕ್ಕೆ ಹೋಯಿತು. ಆಚೆ ಕಡೆಯಿಂದ, ಅಂದರೆ ಬೌರಿಂಗ್‌ಪೇಟೆ, ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲೇ ಇನ್ನೊಂದು ಪುಟ್ಟ ರೈಲು ಬಂದಿತ್ತು. ಅದು ಚಿಂತಾಮಣಿ, ಶಿಡ್ಲಘಟ್ಟದ ದಾರಿಯಲ್ಲಿ ಬಂದು ಇದನ್ನ ಸೇರಿಕೊಂಡಿತು. ಯಲಹಂಕದಿಂದ ಬಂಗಾರಪೇಟೆಗೆ ಸುತ್ತು ಹಾಕಿ ಸುಮಾರು 150 ಕಿಲೋಮೀಟರ್. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲ ಅದು, 1912ರಿಂದ 1918. ಅವರ ಮುದ್ದೇನಹಳ್ಳಿಯೂ ಈ ಸೀಮೆಯದೇ. ದೊಡ್ಡ ಊರುಗಳಿಗೆ ದೊಡ್ಡ ರೈಲು ಬ್ರಿಟಿಷರ ಕಾಲಕ್ಕೇ ಬಂದಿತ್ತು, ಬೆಂಗಳೂರು ದಂಡಿಗೆ 1864ರಲ್ಲೇ. ರೇಷ್ಮೆ, ತರಕಾರಿ, ಕಾಳುಕಡ್ಡಿಯ ಊರುಗಳಿಗೆ ಕಮ್ಮಿ ಖರ್ಚಿನ ಸಣ್ಣ ರೈಲು, ಇದು ಲೆಕ್ಕಾಚಾರ. ಹಳಿ ಕಿರಿದಾದರೆ ಜಾಗ ಕಮ್ಮಿ, ಸೇತುವೆ ಸಣ್ಣದು, ತಿರುವು ಬಿಗಿಯಾಗಿರಬಹುದು. ವೇಗವೂ ಕಮ್ಮಿ, ಅದು ಬೇರೆ ಮಾತು.

1990ರ ದಶಕದಿಂದ ತುಂಡು ತುಂಡಾಗಿ ಬ್ರಾಡ್‌ಗೇಜ್ ಆಯಿತು, ಕೊನೆಯ ತುಂಡು ಚಿಕ್ಕಬಳ್ಳಾಪುರ–ಕೋಲಾರ 2013ರಲ್ಲಿ. ಆಗಬೇಕಾದದ್ದೇ. ಆ ಭಾಗದ ಜನಕ್ಕೆ ಒಳ್ಳೆ ರೈಲು ಬೇಕಿತ್ತು, ನಮ್ಮ ನೆನಪಿನ ಸುಖಕ್ಕೆ ಅವರು ಆಮೆ ರೈಲಲ್ಲಿ ಕೂರಬೇಕಾಗಿಲ್ಲ. ನನ್ನ ತಕರಾರು ಬೇರೆ. 150 ಕಿಲೋಮೀಟರಲ್ಲಿ ಐದು ಕಿಲೋಮೀಟರ್ ಹಳೇ ಹಳಿ, ಒಂದು ಎಂಜಿನ್, ಎರಡು ಡಬ್ಬಿ, ಜೊತೆಗೆ ನಾಲ್ಕು ಜನ ಹಳೇ ಸಿಬ್ಬಂದಿಯನ್ನ ನಂದಿ ಬೆಟ್ಟದ ಬುಡದಲ್ಲಿ ಉಳಿಸಿಕೊಳ್ಳೋಕೆ ಯಾರಿಗೂ ಹೊಳೆಯಲಿಲ್ಲವಲ್ಲ? ವೀಕೆಂಡ್ ಬಂದ್ರೆ ನಂದಿ ಬೆಟ್ಟಕ್ಕೆ ಕಾರಿನ ಸಾಲು ಎಷ್ಟುದ್ದ ಇರುತ್ತೆ ಅಂತ ನೀವೇ ನೋಡಿದ್ದೀರಿ.

ರೈಲು ಹೋಯಿತು. ಉಳಿದದ್ದು ಸ್ಟೇಷನ್‌ಗಳು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ನೂರು ವರ್ಷ ದಾಟಿದ ಪುಟ್ಟ ಕಟ್ಟಡಗಳು, ಕಲ್ಲಿನ ಗೋಡೆ, ಹೆಂಚಿನ ಮಾಡು. ಬ್ರಾಡ್‌ಗೇಜ್ ಬಂದಮೇಲೆ ಉಪಯೋಗ ಇಲ್ಲದೆ ಪಾಳುಬಿದ್ದಿದ್ದವು. ಇಲ್ಲಿ ಸ್ವಯಂಸೇವಕರು ಕತೆಯೊಳಗೆ ಬರ್ತಾರೆ. ಇಂಟ್ಯಾಕ್ ಅಂತ ಒಂದು ಸಂಸ್ಥೆ, 1984ರಿಂದ ದೇಶದಲ್ಲಿ ಪರಂಪರೆ ಉಳಿಸೋ ಕೆಲಸ ಮಾಡ್ತಿದೆ. ಅದರ ಬೆಂಗಳೂರು ಘಟಕ ನೈರುತ್ಯ ರೈಲ್ವೆ ಜೊತೆ ಸೇರಿ ಈ ನಾಲ್ಕು ಸ್ಟೇಷನ್‌ಗಳ ಜೀರ್ಣೋದ್ಧಾರಕ್ಕೆ ಕೈ ಹಾಕಿತು. ಬಸವನಗುಡಿ, ಮಲ್ಲೇಶ್ವರದ ಬೀದಿಗಳಲ್ಲಿ ಭಾನುವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು ಹಳೇ ಮನೆ ತೋರಿಸ್ತಾ ನಡೀತಾರಲ್ಲ, ಆ ಬಳಗ. ಅವರನ್ನ ನೋಡಿ ನಗೋರೂ ಇದ್ದಾರೆ. ನಗಬೇಡಿ. ಹಳೇ ಕಟ್ಟಡ ರಿಪೇರಿ ಮಾಡೋದು ಅಂದ್ರೆ ಸಿಮೆಂಟ್ ಮೆತ್ತೋದಲ್ಲ. ಆ ಕಾಲದ ಗೋಡೆ ಸುಣ್ಣದ ಗಾರೆಯದು, ಅದು ಉಸಿರಾಡುತ್ತೆ, ತೇವ ಹೀರಿ ಹೊರಗೆ ಬಿಡುತ್ತೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಗೋಡೆ ಒಳಗಿಂದ ಹಾಳಾಗುತ್ತೆ. ಹದವಾಗಿ ಗಾರೆ ಕಲಸೋ ಮೇಸ್ತ್ರಿ ಹುಡುಕೋದು, ಹೊಂದುವ ಹಳೇ ಹೆಂಚು ಹುಡುಕೋದು, ಇದು ಹುಚ್ಚು ಇದ್ದವರಿಂದ ಮಾತ್ರ ಆಗೋ ಕೆಲಸ.

ಆದರೆ ಸ್ಟೇಷನ್ ಕಟ್ಟಡ ಉಳಿದರೆ ಕೆಲಸ ಅರ್ಧ ಆದಂತೆ. ಒಳಗೆ ಏನಿಡ್ತೀರಿ? ಕೆಫೆ ಇಡೋದು ಸುಲಭ, ಇಡಲಿ, ನಾನೂ ಕಾಫಿ ಕುಡೀತೀನಿ. ಅದರ ಜೊತೆ ಆ ರೈಲಿನ ಸಾಮಾನೂ ಬರಬೇಕು. ಮೈಸೂರಿನ ರೈಲು ಮ್ಯೂಸಿಯಂ 1979ರದ್ದು, ದೆಹಲಿ ಬಿಟ್ಟರೆ ದೇಶದಲ್ಲೇ ಹಿರಿಯದು. ಅಲ್ಲಿ 1899ರ ಮಹಾರಾಣಿ ಸಲೂನ್ ಇದೆ. ರಸ್ತೆ ಬಿಟ್ಟು ಹಳಿ ಹತ್ತಿದ ಆಸ್ಟಿನ್ ಕಾರು ಇದೆ. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ಮ್ಯೂಸಿಯಂ ಆಯಿತು. ಎರಡನ್ನೂ ನೋಡಿ, ಚೆನ್ನಾಗಿವೆ. ಆದರೆ ನಮ್ಮ ಸಣ್ಣ ರೈಲಿನ ಕತೆಯನ್ನ ಅದರದೇ ಊರಿನಲ್ಲಿ, ಅದರದೇ ಸ್ಟೇಷನ್ನಿನಲ್ಲಿ ಹೇಳೋದು ಬೇರೆ ಮಾತು. ಹೇಳೋಕೆ ದೊಡ್ಡ ಎಂಜಿನ್ನೇ ಬೇಕಿಲ್ಲ. ರಟ್ಟಿನ ಟಿಕೆಟ್ ಸಾಕು, ಅದಕ್ಕೆ ದಿನಾಂಕ ಒತ್ತುತ್ತಿದ್ದ ಯಂತ್ರ ಸಾಕು. ಒಂಟಿ ಹಳಿಯ ದಾರಿಗಳಲ್ಲಿ ಡ್ರೈವರ್ ಕೈಗೆ ಕೊಡುತ್ತಿದ್ದ ಕಬ್ಬಿಣದ ಚೆಂಡು ಸಿಕ್ಕರೆ ಇನ್ನೂ ಒಳ್ಳೇದು. ಅದಕ್ಕೆ ಟೋಕನ್ ಅಂತಾರೆ. ಆ ಚೆಂಡು ಕೈಯಲ್ಲಿಲ್ಲದೆ ಮುಂದಿನ ಸ್ಟೇಷನ್ನಿಗೆ ರೈಲು ಹೊರಡೋ ಹಾಗಿಲ್ಲ. ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಯಂತ್ರ ಕೊಡೋದು ಒಂದೇ ಚೆಂಡು, ಹಾಗಾಗಿ ಎದುರಿನಿಂದ ಇನ್ನೊಂದು ರೈಲು ಬರೋಕೆ ಸಾಧ್ಯವೇ ಇಲ್ಲ. ಕಂಪ್ಯೂಟರ್ ಇಲ್ಲದ ಕಾಲದ ಬುದ್ಧಿವಂತಿಕೆ. ಹತ್ತು ವರ್ಷದ ಹುಡುಗನಿಗೆ ಕೈಯಲ್ಲಿ ಕೊಟ್ಟು ಹೇಳಿದರೆ ಜನ್ಮದಲ್ಲಿ ಮರೆಯಲ್ಲ.

ಸಮಯ ಕಮ್ಮಿ ಇದೆ. ಈ ಮಾರ್ಗ ಈಗ ಮೂಲೆಯ ಮಾರ್ಗ ಅಲ್ಲ. ವಿಮಾನ ನಿಲ್ದಾಣದ ಪಕ್ಕದಲ್ಲೇ 2021ರಿಂದ ಹಾಲ್ಟ್ ಸ್ಟೇಷನ್ ಇದೆ. ಉಪನಗರ ರೈಲಿನ ‘ಸಂಪಿಗೆ’ ಮಾರ್ಗ ಮೆಜೆಸ್ಟಿಕ್‌ನಿಂದ ಯಲಹಂಕದ ಮೇಲೆ ದೇವನಹಳ್ಳಿಗೆ ಅಂತ ಯೋಜನೆ, ಇಡೀ ಯೋಜನೆಗೆ 2022ರಲ್ಲಿ ಶಂಕುಸ್ಥಾಪನೆ ಆಗಿದೆ. ಹಳಿ ಹೆಚ್ಚಬೇಕು, ಪ್ಲಾಟ್‌ಫಾರಂ ಬೆಳೀಬೇಕು. ನಕ್ಷೆ ಬರೆಯೋ ಎಂಜಿನಿಯರ್ ಮೇಜಿನ ಮೇಲೆ ಆ ಪುಟ್ಟ ಕಲ್ಲಿನ ಕಟ್ಟಡ ಒಂದು ಚೌಕ ಅಷ್ಟೇ. ‘ಇದನ್ನ ಬಿಟ್ಟು ಬರಿ’ ಅಂತ ಹೇಳೋ ಜನ ಆ ಮೇಜಿನ ಈಚೆ ಇರಬೇಕು.

ರೈಲ್ವೆಯವರಿಗೆ ನನ್ನದು ಒಂದು ಮಾತು. ಕ್ಯಾಮೆರಾ ಹಿಡಿದು ರೈಲಿನ ಹಿಂದೆ ಓಡೋ ಹುಡುಗರನ್ನ ಆರ್‌ಪಿಎಫ್ ಕೈಲಿ ಓಡಿಸಬೇಡಿ. ಯಾವ ಎಂಜಿನ್ ಯಾವ ಶೆಡ್ಡಿನದು ಅಂತ ನಿಮ್ಮ ಸಿಬ್ಬಂದಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಒಂದು ಗುರುತಿನ ಚೀಟಿ ಕೊಡಿ, ಒಬ್ಬ ರಿಟೈರ್ಡ್ ಫೋರ್‌ಮನ್ ಕೈಕೆಳಗೆ ಬಿಡಿ, ತಿಂಗಳಿಗೆ ಎರಡು ಭಾನುವಾರ. ಸ್ಟೇಷನ್ ಮುಂದೆ ನಿಂತ ಎಂಜಿನ್‌ನ ತುಕ್ಕು ಕೆರೆಯೋದು, ಎಣ್ಣೆ ಹಾಕೋದು, ಚಿಮಣಿಗೆ ಒಂದು ಮುಚ್ಚಳ ಹಾಕೋದು. ಓಡಿಸೋ ಮಾತು ಆಮೇಲೆ. ಬಾಯ್ಲರ್ ಪರೀಕ್ಷೆ ಆಟ ಅಲ್ಲ, ಅದು ನುರಿತ ಕೈಗೇ ಬಿಡಬೇಕು.

ನಮ್ಮ ಬೀದಿಯ ಯಜಮಾನರ ಹತ್ತಿರ ಒಂದು ಟ್ರಂಕ್ ಇದೆ. ಅದರಲ್ಲಿ ಅವರ ಡ್ಯೂಟಿ ಡೈರಿ, ಹಿತ್ತಾಳೆ ಬ್ಯಾಡ್ಜು, ಕೈದೀಪ, ಒಂದು ಗ್ರೂಪ್ ಫೋಟೋ. ಫೋಟೋದಲ್ಲಿ ಮೂವತ್ತೊಂದು ಜನ, ಹಿಂದೆ ಎಂಜಿನ್. ಹೋದ ವಾರ ಅವರ ಮೊಮ್ಮಗಳು ಫೋನಿನಲ್ಲಿ ರೆಕಾರ್ಡ್ ಹಾಕಿಕೊಂಡು, ಒಬ್ಬೊಬ್ಬರ ಮೇಲೂ ಬೆರಳಿಟ್ಟು ಹೆಸರು ಕೇಳಿದಳು. ಇಪ್ಪತ್ತಾರು ಹೆಸರು ಸಿಕ್ಕವು. ಉಳಿದ ಐದು ಜನರಲ್ಲಿ ಇಬ್ಬರು ಯಶವಂತಪುರದ ಕಡೆಯವರು ಅನ್ನೋದು ಅವರ ನೆನಪು, ಈ ಭಾನುವಾರ ಹುಡುಕಿಕೊಂಡು ಹೋಗ್ತಾರಂತೆ.